ಮೇಲಿನ ಕೇರಿಯಿಂದ ಇಳಿಯುವ ಹಲಗೆ

ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿಯ ಫೆಬ್ರವರಿಯಲ್ಲಿ, ಸೀಸದ ಅದಿರು ತುಂಬಿದ ಹನ್ನೊಂದು ಗಾಡಿಗಳನ್ನು ನಾನೊಬ್ಬನೇ ನಿಲ್ಲಿಸಿದೆ. ಮೇಲಿನ ಸುರಂಗದ ಬಾಯಿಯಿಂದ ಕೆಳಗಿನ ಅದಿರಿನ ಕಟ್ಟೆಯವರೆಗೆ ನಾಲ್ಕು ಕಿಲೋಮೀಟರು ಇಳಿಜಾರು. ನನ್ನದು ತಲೆಯ ಮೇಲಿನ ತಂತಿಯಿಂದ ಕರೆಂಟು ಪಡೆದು ಓಡುವ ಎಂಜಿನು. ಅರ್ಧ ದಾರಿಯಲ್ಲಿ ಅದರ ಬ್ರೇಕು ಸತ್ತಿತು. ಹಾರಿಕೊಂಡಿದ್ದರೆ ಹಿಮದ ರಾಶಿಯಲ್ಲಿ ಬಿದ್ದು ನಾನು ಬದುಕುತ್ತಿದ್ದೆ; ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಹದಿನಾಲ್ಕು ಮಂದಿ ಬದುಕುತ್ತಿರಲಿಲ್ಲ. ನಾನು ಹಾರಲಿಲ್ಲ. ಅದಿರಿನ ಮೇಲೆ ಹೊಟ್ಟೆ ಎಳೆದುಕೊಂಡು ಗಾಡಿಯಿಂದ ಗಾಡಿಗೆ ತೆವಳಿದೆ; ಒಂದೊಂದು ಗಾಡಿಯ ಕೈಚಕ್ರವನ್ನೂ ತಿರುಗಿಸಿ ಬಿಗಿದೆ. ಏಳನೆಯ ಗಾಡಿಯ ಚಕ್ರಕ್ಕೆ ಅಂಗೈಯ ಚರ್ಮ ಅಂಟಿಕೊಂಡು ಅಲ್ಲಿಯೇ ಉಳಿಯಿತು. ಕಟ್ಟೆಗೆ ಇನ್ನು ನಲವತ್ತು ಹೆಜ್ಜೆ ಇದೆ ಎನ್ನುವಾಗ ಗಾಡಿಗಳು ನಿಂತವು.

ಅದಕ್ಕಾಗಿ ನನಗೆ ಪದಕ ಕೊಟ್ಟರು. ಆ ಹದಿನಾಲ್ಕು ಮಂದಿಯಲ್ಲಿ ಒಬ್ಬನ ಹೆಂಡತಿ ದೆಲ್ಕಾ ನಮ್ಮ ಪಕ್ಕದ ಮನೆಯವಳು. ಅಂದಿನಿಂದ ಪ್ರತಿ ಈಸ್ಟರ್ ಹಬ್ಬಕ್ಕೂ ತಪ್ಪದೆ ನನಗೊಂದು ಸಿಹಿ ರೊಟ್ಟಿ ತಂದುಕೊಟ್ಟವಳು. ಗಂಡ ಹೋದ ಮೇಲೂ ತರುವುದನ್ನು ಬಿಡಲಿಲ್ಲ. ನಲವತ್ತು ವರ್ಷಕ್ಕೂ ಮೀರಿ ನಾನು ಈ ಕತೆಯನ್ನು ಗಣಿಗಾರರ ದಿನದ ಊಟದಲ್ಲಿ, ಮದುವೆಗಳಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿದ್ದೇನೆ. ಬ್ರೇಕು ಏಕೆ ಸತ್ತಿತೆಂದು ಯಾರಾದರೂ ಕೇಳಿದರೆ, ತಂತಿಯ ಮೇಲೆ ಮಂಜುಗಡ್ಡೆ ಕೂತಿತ್ತು ಎನ್ನುತ್ತಿದ್ದೆ. ಮಂಜುಗಡ್ಡೆಯ ಮೇಲೆ ಯಾರೂ ವಿಚಾರಣೆ ನಡೆಸುವುದಿಲ್ಲ.

ತಮ್ಮ ತಾಯಿ ತೀರಿಕೊಂಡ ಮೇಲೆ ನನ್ನ ಇಬ್ಬರು ಮೊಮ್ಮಕ್ಕಳು, ಸೆವ್ದಾ ಮತ್ತು ಅವಳ ತಮ್ಮ ಕಮೆನ್, ನನ್ನ ಬಳಿಯೇ ಬೆಳೆದರು. ನಮ್ಮದು ಮೇಲಿನ ಕೇರಿಯ ಕಟ್ಟಕಡೆಯ ಮನೆ. ಅದರಾಚೆ ಪೈನ್ ಕಾಡು. ಕೆಳಗಿನ ಪೇಟೆಯ ಬಸ್ಸನ್ನು ನಿಲ್ಲಿಸಿದ ವರ್ಷವೇ ಕಮೆನನಿಗೆ ಅಲ್ಲಿನ ಮರದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಏಳು ಕಿಲೋಮೀಟರಿನ ಕಾಡುದಾರಿ, ಅದರ ತುಂಬ ಕಲ್ಲು, ಬೇರು, ಕೆಸರು. ಅಂಥ ನೆಲದ ಮೇಲೂ ಓಡುವ ಬ್ಯಾಟರಿಯ ಸ್ಕೇಟ್‌ಬೋರ್ಡುಗಳು ಇವೆಯಂತೆ. ಅಂಗಡಿಯಲ್ಲಿ ಕೊಳ್ಳಲು ಅವನ ಅರ್ಧ ವರ್ಷದ ಸಂಬಳವೂ ಸಾಲದು.

“ಸೈಕಲ್ ತಗೊಳ್ಳೋ” ಎಂದೆ.

“ಸೈಕಲ್ ಎಲ್ಲಾರ ಹತ್ರಾನೂ ಇದೆ ತಾತ. ಹಲಗೆ ನಾನೇ ಕಟ್ತೀನಿ.”

ಕಟ್ಟಿದ. ನನ್ನ ಕಾಲದ ಆಶ್ ಮರದ ಸ್ಕೀಗಳನ್ನು ಸೀಳಿ, ಪದರ ಪದರವಾಗಿ ಅಂಟು ಹಾಕಿ, ಎಲೆಕೋಸನ್ನು ಉಪ್ಪುನೀರಿನಲ್ಲಿ ಹುಳಿಯಿಡುವ ಪೀಪಾಯಿಯೊಳಗೆ ಹೇರುವ ಕಲ್ಲುಗಳನ್ನು ಮೇಲೆ ಹೇರಿ ಹಲಗೆಯನ್ನು ಬಗ್ಗಿಸಿದ. ಕೈಗಾಡಿಗಳ ಗಾಳಿ ತುಂಬುವ ಚಕ್ರಗಳು ನಾಲ್ಕು. ಗುಜರಿಯವನಿಂದ ತಂದ ಮುರಿದ ಸ್ಕೂಟರುಗಳ ಮೋಟಾರುಗಳು ಎರಡು. ಮೋಟಾರನ್ನು ಚಕ್ರಕ್ಕೆ ಹೂಡುವ ಪಟ್ಟಿಗಳನ್ನು ಸೆವ್ದಾ ತಾನು ದುಡಿಯುವ ಹೊಲಿಗೆ ಕಾರ್ಖಾನೆಯಿಂದ ತಂದಳು. ಬ್ಯಾಟರಿಯನ್ನು ಮಾತ್ರ ಅವನು ಒಂದು ಚಳಿಗಾಲವೆಲ್ಲ ಕೂಡಿಸಿದ: ಕೆಟ್ಟುಹೋದ ಡ್ರಿಲ್ಲುಗಳ ಬ್ಯಾಟರಿಗಳನ್ನು ಒಡೆದು, ಇನ್ನೂ ಜೀವ ಹಿಡಿದಿರುವ ಸೆಲ್ಲುಗಳನ್ನು ಒಂದೊಂದಾಗಿ ಅಳೆದು ಆರಿಸಿ ಬೆಸೆದ.

ಅದಕ್ಕೆ ಬೇರೆ ಬ್ರೇಕಿರಲಿಲ್ಲ, ಮೋಟಾರೇ ಬ್ರೇಕು. ರಿಮೋಟಿನ ಗುಂಡಿಯನ್ನು ಹಿಂದಕ್ಕೆಳೆದರೆ ಉರುಳುವ ಚಕ್ರವೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ಕಳುಹಿಸುತ್ತದೆ. ಆ ದುಡಿಮೆಗೆ ವೇಗ ತಗ್ಗುತ್ತದೆ.

“ನಿನ್ನ ಎಂಜಿನ್ನೂ ಹಿಂಗೇ ಅಲ್ವಾ ತಾತ? ಇಳಿಯೋವಾಗ ಕರೆಂಟು ವಾಪಸ್ ತಂತಿಗೆ?”

“ಹೌದು.”

“ಮತ್ತೆ ಅವತ್ತು ಯಾಕೆ ಹೋಯ್ತು ಬ್ರೇಕು?”

ಅವನು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು, ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದ.

“ಮಂಜುಗಡ್ಡೆ ಕಣೋ. ತಂತಿ ತುಂಬ ಮಂಜುಗಡ್ಡೆ.”

“ಹಂಗಾದ್ರೆ ನಂಗೆ ಭಯ ಇಲ್ಲ ಬಿಡು. ನಂದರಲ್ಲಿ ತಂತೀನೇ ಇಲ್ವಲ್ಲ” ಎಂದು ನಕ್ಕು ಕೆಲಸಕ್ಕೆ ತಿರುಗಿದ.

ಮಂಜುಗಡ್ಡೆ ಇರಲಿಲ್ಲ. ತುಂಬಿದ ಗಾಡಿಗಳು ಇಳಿಯುವಾಗ ಹುಟ್ಟುವ ಕರೆಂಟನ್ನು, ಎದುರಿನ ಹಳಿಯಲ್ಲಿ ಮೇಲೇರುವ ಖಾಲಿ ಗಾಡಿಗಳ ಎಂಜಿನು ಉಣ್ಣಬೇಕು. ಆದ್ದರಿಂದ ಖಾಲಿ ಗಾಡಿಗಳು ಹೊರಟವೆಂದು ಕೆಳಗಿನಿಂದ ಗಂಟೆ ಬಾರಿಸುವವರೆಗೂ ಮೇಲಿನವನು ಹೊರಡಕೂಡದೆಂಬುದು ನಿಯಮ. ಆ ತಿಂಗಳ ಲೆಕ್ಕದಲ್ಲಿ ನನ್ನ ಪಾಳಿಯೇ ಮೊದಲೆನಿಸಬೇಕೆಂಬ ಹಟಕ್ಕೆ ನಾನು ಗಂಟೆ ಕೇಳುವ ಮೊದಲೇ ಹೊರಟೆ. ಉಣ್ಣುವವರಿಲ್ಲದ ಕರೆಂಟು ತಂತಿಯಲ್ಲಿ ಉಬ್ಬಿತು, ಕರೆಂಟಿನ ಮನೆಯ ಸ್ವಿಚ್ಚು ತಾನಾಗಿ ಬಿದ್ದು ಸಂಪರ್ಕ ಕಡಿಯಿತು, ಬ್ರೇಕು ಸತ್ತಿತು. ಹದಿನಾಲ್ಕು ಮಂದಿಯನ್ನು ಉಳಿಸಿದವನು ನಾನೇ. ಅವರ ಮೇಲೆ ಸಾವನ್ನು ಉರುಳಿಸಿದವನೂ ನಾನೇ.

ಕಮೆನ್ ಒಂದು ವಾರ ಹಿತ್ತಲಿನ ಹುಲ್ಲುಗಾವಲಿನಲ್ಲಿ ಹಲಗೆಯನ್ನು ಓಡಿಸಿ ಪರೀಕ್ಷಿಸಿದ. ಏರಿದ, ಇಳಿದ, ಬೇಕೆಂದಲ್ಲಿ ನಿಲ್ಲಿಸಿದ. ಅದರ ಮೇಲೇರಿ ಮಿಲ್ಲಿಗೆ ಹೊರಡುವ ಮೊದಲನೆಯ ದಿನ ಮಾತ್ರ ಬ್ಯಾಟರಿಯನ್ನು ಕಂಠಪೂರ್ತಿ ತುಂಬಿಸಿದ. ನಮ್ಮ ಬೆಟ್ಟಗಳಲ್ಲಿ ಖಾಲಿ ಪಾತ್ರೆ ಹಿಡಿದು ಹೊಸ ಕೆಲಸಕ್ಕೆ ಯಾರೂ ಹೊಸ್ತಿಲು ದಾಟುವುದಿಲ್ಲ. ಅರ್ಧ ತುಂಬಿದ ಬುತ್ತಿಯನ್ನೂ ಒಯ್ಯುವುದಿಲ್ಲ. ದೆಲ್ಕಾ ಬಂದು, ತುಂಬಿದ ಹೂಜಿಯ ನೀರನ್ನು ಅವನ ದಾರಿಗೆ ಚೆಲ್ಲಿ, “ನೀರಿನ ಹಂಗೆ ಸಲೀಸಾಗಿ ಹೋಗಿ ಬಾ ಮಗಾ” ಎಂದಳು. ಕೆಳಗಿನ ಊರುಗಳಲ್ಲಿ ಬ್ಯಾಟರಿ ತುಂಬಿಸಿ ಹೊರಟವನು ಮೊದಲು ಸಮನೆಲದಲ್ಲಿ ಓಡಿ ಅದನ್ನಿಷ್ಟು ಬರಿದು ಮಾಡುತ್ತಾನೆ. ನಮ್ಮ ಹೊಸ್ತಿಲು ದಾಟಿದರೆ ಇಳಿಜಾರೇ.

ಮೂರನೆಯ ತಿರುವಿನಲ್ಲಿ ಅವನು ಸಿಕ್ಕಿದ. ಹಲಗೆ ಇನ್ನೂ ಮೂವತ್ತು ಹೆಜ್ಜೆ ಕೆಳಗೆ ಬಿದ್ದಿತ್ತು.

ಪೇಟೆಯವರು ಕುಡಿದಿದ್ದ ಎಂದರು. ಗುಜರಿ ಹಲಗೆಯನ್ನು ನಂಬಿದ ಹುಚ್ಚ ಎಂದರು. ಸಮಾಧಿಯಾದ ಮರುದಿನ ನಾನು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಪಟ್ಟಿ ಹರಿದಿರಲಿಲ್ಲ, ಬೆಸುಗೆ ಬಿಟ್ಟಿರಲಿಲ್ಲ; ಅಳೆದು ನೋಡಿದರೆ ಬ್ಯಾಟರಿ ಬಾಯಿಮಟ್ಟ ತುಂಬಿತ್ತು. ಚಕ್ರಗಳು ಕಳುಹಿಸಿದ ಕರೆಂಟಿಗೆ ಒಳಗೆ ಜಾಗವಿರಲಿಲ್ಲ. ಬ್ಯಾಟರಿ ಸಿಡಿಯದಂತೆ ಕಾಯುವ ಚಿಕ್ಕ ಸರ್ಕ್ಯೂಟೊಂದು ಸಂಪರ್ಕ ಕಡಿದಿತ್ತು. ಅದರೊಡನೆ ಬ್ರೇಕೂ ಹೋಗಿತ್ತು. ಇದನ್ನು ಅರಿಯಲು ನನಗೆ ಯಾವ ಪುಸ್ತಕವೂ ಬೇಕಾಗಲಿಲ್ಲ. ಹಲಗೆಯನ್ನು ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯಲ್ಲಿಟ್ಟೆ. ಒಂದು ವರ್ಷ ಬಾಯಿ ಬಿಡಲಿಲ್ಲ.

ವರ್ಷ ತುಂಬುವ ಮುಂಚಿನ ಬೇಸಿಗೆಯಲ್ಲಿ ಸೆವ್ದಾ ಗೋಣಿಯನ್ನು ಬಿಚ್ಚಿದಳು. ಮುರಿದ ಅಚ್ಚನ್ನು ಬದಲಿಸಿದಳು. ಸತ್ತ ಸೆಲ್ಲುಗಳ ಜಾಗಕ್ಕೆ ಬೇರೆಯವನ್ನು ಆರಿಸಿ ಬೆಸೆದಳು. ಬೇಲಿಯಾಚೆಯಿಂದ ದೆಲ್ಕಾ ನೋಡುತ್ತಿದ್ದಳು.

“ಅದನ್ಯಾಕೆ ಎಬ್ಬಿಸ್ತೀಯೇ ಹುಡುಗಿ, ಮಲಗಿರೋ ಹಾವನ್ನ?”

“ವರ್ಷದ ದಿನ ಇದರ ಮೇಲೇ ಸಮಾಧಿಗೆ ಇಳೀತೀನಿ ದೆಲ್ಕಜ್ಜಿ. ಕುಡಿದಿದ್ದ ಅಂದೋರೆಲ್ಲ ಅಲ್ಲಿರ್ತಾರಲ್ಲ, ಅವರ ಕಣ್ಣೆದುರಿಗೇ. ರಾಕಿಯಾ ಮೂಸಿದ್ರೇ ಕೆಮ್ಮೋನು ಅವನು.”

“ಅವರ ಬಾಯಿಗೆ ಬೀಗ ಹಾಕೋಕೆ ನಿನ್ನ ಕಾಲು ಮುರ್ಕೋಬೇಕಾ? ಸ್ಪಾಸಣ್ಣ, ನೀನಾದ್ರೂ ಹೇಳೋ. ಪದಕದ ಕತೆ ಹೇಳೋ ಬಾಯಿ, ಮೊಮ್ಮಗಳ ಮುಂದೆ ಮಾತ್ರ ಮೂಕ.”

ನಾನು ಹೇಳಲು ನೋಡಿದೆ. ಹೇಳಬೇಕಾದುದನ್ನಲ್ಲ, ಅದರ ಸುತ್ತಲಿನದನ್ನು. “ಕೈಯಲ್ಲಿ ಒತ್ತೋ ಬ್ರೇಕೊಂದು ಹಾಕ್ಕೋ” ಎಂದೆ.

“ಕಮೆನ್ ಕಟ್ಟಿದ ಹಂಗೇ ಇರ್ಬೇಕು ತಾತ. ಇನ್ನೊಂದು ಬ್ರೇಕ್ ಹಾಕಿದ್ರೆ ಅವನದು ಸರಿ ಇರ್ಲಿಲ್ಲ ಅಂತ ನಾನೇ ಒಪ್ಪಿದ ಹಾಗೆ.”

“ಹೋಗಲಿ, ಅರ್ಧ ಚಾರ್ಜು ಮಾಡಿದ್ರೆ ಸಾಕು. ಬರೀ ಇಳಿಜಾರು ತಾನೇ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಸತ್ತವನ ವರ್ಷದ ದಿನ ಅರ್ಧ ತುಂಬಿದ್ದು ತಗೊಂಡು ಹೋಗ್ಲಾ? ನೀನೇ ಹೇಳೋ ಮಾತಾ ಇದು?”

ಅವಳೂ ಹುಲ್ಲುಗಾವಲಿನಲ್ಲಿ ಓಡಿಸಿ ನೋಡಿದಳು. ಬ್ರೇಕು ಚೆನ್ನಾಗಿಯೇ ಹಿಡಿಯಿತು.

ವರ್ಷದ ದಿನ ಬೆಳಿಗ್ಗೆ ಗೇಟಿಗೆ ಕಮೆನನ ಭಾವಚಿತ್ರವಿರುವ, ಸಾವನ್ನು ಸಾರುವ ಹೊಸ ಪತ್ರ ಅಂಟಿಸಿದ್ದೆವು. ಮಳೆಯಲ್ಲಿ ಬಿಳಚಿದ ಹಳೆಯದರ ಮೇಲೆಯೇ. ಒಲೆಯ ಬಳಿ, ಸಮಾಧಿಯಲ್ಲಿ ಹಂಚಲು ಬೇಯಿಸಿ ಸಕ್ಕರೆ ಬೆರೆಸಿದ ಗೋಧಿ ಆರುತ್ತಿತ್ತು. ಕೊಟ್ಟಿಗೆಗೆ ಹೋಗಿ ನೋಡಿದೆ. ಚಾರ್ಜರಿನ ದೀಪ ಇನ್ನೂ ಕೆಂಪಾಗಿತ್ತು. ಪ್ಲಗ್ಗನ್ನು ಕಿತ್ತೆ. ಇದರಿಂದಲೇ ಮುಗಿಯಿತೆಂದು, ಯಾರಿಗೂ ಏನನ್ನೂ ಹೇಳಬೇಕಾಗಿಲ್ಲವೆಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಗೋಧಿಗೆ ವಾಲ್‌ನಟ್ ಉದುರಿಸಿ ಮುಗಿಸುವಷ್ಟರಲ್ಲಿ ಸೆವ್ದಾ ಹೊರಗಿನಿಂದ ಕೂಗಿದಳು. “ಪ್ಲಗ್ ಯಾರು ತೆಗೆದಿದ್ದು? ಬೆಕ್ಕು ಗಿಕ್ಕು ಬಂದಿತ್ತಾ? ಪರವಾಗಿಲ್ಲ, ಮತ್ತೆ ಹಾಕಿದ್ದೆ. ಈಗ ಹಸಿರಾಯ್ತು.”

ನಾನು ಹೊರಗೆ ಬಂದಾಗ ಅವಳು ಗೋಧಿಯ ಗಂಟಿಗಾಗಿ ಬೆನ್ನುಚೀಲ ತೆರೆದು ಹಿಡಿದು, ಒಂದು ಕಾಲನ್ನು ಹಲಗೆಯ ಮೇಲಿಟ್ಟು ನಿಂತಿದ್ದಳು. ದೆಲ್ಕಾ ತುಂಬಿದ ಹೂಜಿ ಹಿಡಿದು ಬಂದಿದ್ದಳು. ಬೇಡವೆಂದವಳೇ ಆದರೂ, ಹೊರಟವರ ದಾರಿಗೆ ನೀರು ಚೆಲ್ಲದಿರುವುದು ಅವಳಿಂದಾಗದ ಕೆಲಸ.

ನಾನು ಹೋಗಿ ಹಲಗೆಯ ಮುಂದೆ ನಿಂತೆ.

“ಇಳಿ.”

“ತಾತ, ಹನ್ನೊಂದು ಗಂಟೆಗೆ ಪಾದ್ರಿ ಬರ್ತಾರೆ. ದಾರಿ ಬಿಡು.”

“ಮಂಜುಗಡ್ಡೆ ಇರ್ಲಿಲ್ಲ” ಎಂದೆ.

“ಏನು?”

“ಆವತ್ತು ತಂತಿ ಮೇಲೆ ಮಂಜುಗಡ್ಡೆ ಇರ್ಲಿಲ್ಲ. ಗಂಟೆ ಹೊಡೆಯೋ ಮುಂಚೆ ನಾನು ಹೊರಟೆ. ಕರೆಂಟಿಗೆ ಹೋಗೋಕೆ ಜಾಗ ಇರ್ಲಿಲ್ಲ, ಅದಕ್ಕೇ ಬ್ರೇಕ್ ಹೋಯ್ತು. ನಿನ್ನ ಬ್ಯಾಟರೀಲೂ ಈಗ ಜಾಗ ಇಲ್ಲ. ಅವನದರಲ್ಲೂ ಇರ್ಲಿಲ್ಲ.”

ಐದಾರು ವಾಕ್ಯಗಳಲ್ಲಿ ಮುಗಿದುಹೋಯಿತು. ಪದಕದ ಕತೆಯನ್ನು ಹೇಳಲು ನಾನು ಎಂದೂ ಅರ್ಧ ಗಂಟೆಗಿಂತ ಕಡಿಮೆ ತೆಗೆದುಕೊಂಡವನಲ್ಲ.

ಮೊದಲು ಮಾತಾಡಿದವಳು ದೆಲ್ಕಾ. “ಗಂಟೆ ಹೊಡೀತಿದ್ದೋನು ನನ್ನ ಗಂಡ” ಎಂದಳು. “ಖಾಲಿ ಗಾಡಿ ಹೊರಡೋ ಮುಂಚೆ ನಾನು ಹೊಡೆದೆನೋ ಇಲ್ವೋ ಕಣೆ ದೆಲ್ಕಾ, ನೆನಪೇ ಆಗ್ತಿಲ್ಲ ಅಂತಿದ್ದ. ಸಾಯೋವರೆಗೂ ಅಂತಿದ್ದ. ತನ್ನಿಂದಲೇ ಏನೋ ಆಯ್ತು ಅಂತ.”

ಹೂಜಿಯನ್ನು ನೀರು ಚೆಲ್ಲದೆ ನೆಲದ ಮೇಲಿಟ್ಟು, ಬೇಲಿಯ ಸಂದಿಯಿಂದ ತನ್ನ ಮನೆಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿತು. ಅವನ ಈ ಕೊರಗು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಜ ಹೇಳುತ್ತಿದ್ದೆನೆ? ಇಲ್ಲವೆಂದೇ ತೋರುತ್ತದೆ.

ಸೆವ್ದಾ ಹಲಗೆಯಿಂದ ಕಾಲು ತೆಗೆದಿದ್ದಳು. ಅದನ್ನು ಮಗುಚಿ ಹಾಕಿ, ಬ್ಯಾಟರಿಯ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕುಕ್ಕರಗಾಲಿನಲ್ಲಿ ಕೂತಳು.

“ಕಮೆನ್ ನಿನ್ನ ಕೇಳಿದ್ನಾ?”

“ಏನನ್ನ?”

“ಗೊತ್ತಿಲ್ಲದ ಹಾಗೆ ಆಡ್ಬೇಡ. ಬ್ರೇಕ್ ಯಾಕೆ ಹೋಯ್ತು ಅಂತ ಕೇಳಿದ್ನಾ?”

“ಕೇಳಿದ.”

“ಏನಂದೆ?”

“ಮಂಜುಗಡ್ಡೆ ಅಂದೆ.”

ಅವಳು ನನ್ನ ಮೇಲೆ ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು, ಕೂಗಾಡಲಿಲ್ಲ. ಎದ್ದು ಒಳಗೆ ಹೋಗಿ, ಗೋಧಿಯ ಪಾತ್ರೆಗೆ ಬಟ್ಟೆ ಕಟ್ಟಿ ತಂದು, ನನ್ನ ಕೋಟನ್ನೂ ಊರುಗೋಲನ್ನೂ ನನ್ನ ಮುಂದೆ ಹಾಕಿದಳು.

“ನಡ್ಕೊಂಡೇ ಹೋಗೋಣ. ಅವರೆಲ್ಲ ಬಂದಿರ್ತಾರೆ. ಅವನು ಕುಡಿದಿರ್ಲಿಲ್ಲ, ಅವನ ಕೆಲಸದಲ್ಲಿ ತಪ್ಪಿರ್ಲಿಲ್ಲ, ತಪ್ಪು ಯಾರ ಬಾಯಲ್ಲಿತ್ತು ಅಂತ ನೀನೇ ಹೇಳ್ಬೇಕು. ಎಲ್ಲಾರ ಮುಂದೆ. ಪದಕ ಹಾಕ್ಕೊಂಡು ಹೇಳ್ತೀಯೋ ಬಿಚ್ಚಿಟ್ಟು ಹೇಳ್ತೀಯೋ ನಿನಗೆ ಬಿಟ್ಟಿದ್ದು.”

ಎಂಬತ್ತರ ಹತ್ತಿರದವನು ನಾನು. ಕೋಟಿನ ತೋಳು ಕೈಗೆ ಸಿಗದೆ ತಡವರಿಸಿದೆ. ಅವಳು ನೆರವಿಗೆ ಬರಲಿಲ್ಲ. ನಾವು ಗೇಟು ದಾಟಿ ಇಳಿಯತೊಡಗಿದೆವು. ಮೊದಲನೆಯ ತಿರುವು ಬಂತು. ಅಲ್ಲಿ ಅವಳು ನಿಂತಳು. ನನ್ನ ಮುಖ ನೋಡದೆ, ರಸ್ತೆಯನ್ನು ನೋಡುತ್ತ ಹೇಳಿದಳು:

“ಅಲ್ಲಿ ಹೋದ್ಮೇಲೆ ನೀನು ಮತ್ತೆ ಮಂಜುಗಡ್ಡೆ ತರ್ತೀಯ. ನಂಗೊತ್ತು ನಿನ್ನ. ಈಗ ನಂಗೆ ಇನ್ನೊಂದ್ಸಲ ಹೇಳು ತಾತ, ಮೊದಲಿಂದ. ಗಾಡಿಗಳು ತುಂಬಿ ನಿಂತಿದ್ವು, ಗಂಟೆ ಇನ್ನೂ ಹೊಡೆದಿರ್ಲಿಲ್ಲ. ಅಲ್ಲಿಂದ ಹೇಳು.”