ಮೂರು ಬೇಸಿಗೆಯ ಹೊಂಗೆ

ಮನೆ ಒಕ್ಕಲಿನ ಊಟ ಮುಗಿಸಿ ಬಂದ ಹುಚ್ಚಯ್ಯ ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು ಕೂತ. ಏಪ್ರಿಲ್ ತಿಂಗಳು. ಮನೆ ಪಡುವಣಕ್ಕೆ ಮುಖ ಮಾಡಿತ್ತು. ಇಳಿಹೊತ್ತಿನ ಬಿಸಿಲು ಹೊಸ ಗೋಡೆಗೆ ಬಡಿದು ಅಲ್ಲಿಂದ ಕೂತವರ ಬೆನ್ನಿಗೆ ಬರುತ್ತಿತ್ತು. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಅವನು ಅಕ್ಕ ಸಿದ್ದಲಿಂಗಮ್ಮನ ಕಡೆ ತಿರುಗಿದ.

“ಮನೆಯೇನೋ ಚೆಂದಾಗಿ ಕಟ್ಸಿದ್ದೀಯ ಕಣಕ್ಕ. ಟೈಲ್ಸು ಏನು, ಗ್ಲಾಸು ಏನು! ಆದ್ರೆ ಒಂದು ಕೋಳಿ ನಿಂತ್ಕಳಕ್ಕೆ ನೆಳ್ಳಿಲ್ವಲ್ಲ.”

ಕೂತಿದ್ದ ನೆಂಟರೆಲ್ಲ ನಕ್ಕರು. ಸಿದ್ದಲಿಂಗಮ್ಮನೂ ನಕ್ಕಳು, ಆದರೆ ಎಲೆ ಅಡಿಕೆ ತಟ್ಟೆಯನ್ನು ಅವನ ಮುಂದೆ ಇಡದೆ ಪಕ್ಕದವನ ಮುಂದೆ ಇಟ್ಟಳು.

ಆ ಮಾತು ಅವಳಿಗೆ ನಾಟಿತ್ತು. ನಂಜನಗೂಡಿನ ಕಡೆಯ ಅವರ ಊರಿನಲ್ಲಿ ಅರಳಿಕಟ್ಟೆಯ ನೆರಳು ಮೇಲುಕೇರಿಯವರದಾಗಿತ್ತು. ಅವಳ ಅವ್ವ ಹೊರೆ ಹೊತ್ತು ಬರುವಾಗ ಅದನ್ನು ಬಳಸಿಕೊಂಡು ಬಿಸಿಲಲ್ಲೇ ಬರಬೇಕಾಗಿತ್ತು. ಹುಡುಗಿಯಾಗಿದ್ದಾಗ ಸಿದ್ದಲಿಂಗಮ್ಮ ಕೂಲಿಗೆ ಹೋಗುತ್ತಿದ್ದ ಎಲೆತೋಟಗಳಲ್ಲಿ ನೆರಳಿತ್ತು, ಅದೂ ಬೇರೆಯವರದೇ. ಮದುವೆಯಾಗಿ ಬಂದ ಮೇಲೆ ಅಶೋಕಪುರದ ವಠಾರದಲ್ಲಿ ಮೂವತ್ತು ವರ್ಷ. ಗಂಡ ಸಣ್ಣಮಾದಯ್ಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿ, ಮಗಳು ಸಂಘಮಿತ್ರ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ನಿಂತ ಮೇಲೆ ರಿಂಗ್ ರಸ್ತೆಯಾಚೆ ಈ ಮನೆ ಎದ್ದಿತ್ತು. ತಮ್ಮನಿಗೋ ಹೊಲದ ಬದುವಿನ ಮೇಲೆ ತಾನೇ ನೆಟ್ಟ ಮಾವಿನ ಮರವಿತ್ತು. ಅವನು ಆಡಬಲ್ಲವನಾಗಿದ್ದ, ಆಡಿದ್ದ.

“ಮೂರು ಬ್ಯಾಸ್ಗೆ ತಡ್ಕೊ,” ಅಂದಳು ಸಿದ್ದಲಿಂಗಮ್ಮ. “ಮೂರ್ನೇ ಬ್ಯಾಸ್ಗೇಲಿ ಇದೇ ಜಾಗ್ದಲ್ಲಿ, ನನ್ನ ಮರದ ನೆಳ್ಳಲ್ಲಿ ಕೂರ್ಸಿ ನಿನ್ಗೆ ಅನ್ನ ಇಕ್ದೆ ಇದ್ರೆ ಕೇಳ್ಲಾ.”

“ಮೂರ್ ವರ್ಷಕ್ಕೆ ನೆಳ್ಳು ಕೊಡೋದು ಯಾವ್ದಕ್ಕ? ಛತ್ರಿ ನೆಡ್ತೀಯಾ?”

ಮತ್ತೆ ನಗೆ. ಆಡಿದ್ದು ಎಲ್ಲ ನೆಂಟರ ಎದುರಿಗೆ. ಅದನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಯಾವ ಮರ ಅನ್ನುವುದು ಮನೆಯಲ್ಲಿ ಮೊದಲ ಜಗಳವಾಯಿತು. ಸಣ್ಣಮಾದಯ್ಯನಿಗೆ ಅರಳಿಯೇ ಆಗಬೇಕು. ಬೋಧಿವೃಕ್ಷದ ಕೊಂಬೆಯನ್ನು ಸಿಂಹಳಕ್ಕೆ ಒಯ್ದವಳ ಹೆಸರನ್ನೇ ಅವನು ಮಗಳಿಗೆ ಇಟ್ಟಿದ್ದ.

“ಸಂಘಮಿತ್ರನ ಮನೆ ಮುಂದೆ ಅರಳಿ ಬುಟ್ಟು ಬೇರೆ ಮರ ನೆಟ್ರೆ ಜನ ನಗಾಕಿಲ್ವ?”

“ಆಯಮ್ಮ ಒಂದು ದ್ವೀಪಕ್ಕೆ ತಗಂಡೋದ್ಲು ಕಣಪ್ಪ,” ಅಂದಳು ಮಗಳು. “ನಮ್ದು ಮೂವತ್ತು-ನಲವತ್ತು ಸೈಟು. ಅರಳಿ ಬೇರು ಮೊದ್ಲು ಸಂಪು ಒಡೀತದೆ, ಆಮೇಲೆ ಪಾಯಕ್ಕೆ ಕೈ ಹಾಕ್ತದೆ.”

ಭಾನುವಾರ ತಾಯಿ ಮಗಳು ಸ್ಕೂಟರಿನಲ್ಲಿ ಪ್ರೇಮ್‌ಕುಮಾರನ ನರ್ಸರಿಗೆ ಹೋದರು. ಅವನು ಮೊದಲು ತೋರಿಸಿದ್ದು ಗಸಗಸೆ ಹಣ್ಣಿನ ಗಿಡ. “ಎರಡೇ ವರ್ಷ ಮೇಡಂ, ಕೆಳಗೆ ಕಾರ್ ನಿಲ್ಲಿಸ್ಬೋದು.” ಸಂಘಮಿತ್ರಳ ಕಣ್ಣು ಅರಳಿತು. ಸಿದ್ದಲಿಂಗಮ್ಮ ಗೇಟಿನ ಬಳಿ ಇದ್ದ ದೊಡ್ಡ ಗಸಗಸೆ ಮರದ ಹತ್ತಿರ ಹೋಗಿ ನಿಂತಳು. ಹೋದ ಮಳೆಗಾಳಿಗೆ ಸೀಳಿದ ಕೊಂಬೆಯೊಂದನ್ನು ಹಗ್ಗದಲ್ಲಿ ಬಿಗಿದಿದ್ದರು.

“ಗಾಳಿಗೆ ಸ್ವಲ್ಪ ಸೂಕ್ಷ್ಮ,” ಅಂತ ಪ್ರೇಮ್‌ಕುಮಾರನೇ ಒಪ್ಪಿಕೊಂಡ. ಕಾಡುಬಾದಾಮಿ ಬೇಗ ಬರುತ್ತದೆ, ಆದರೆ ಉದುರುವ ಎಲೆ ಒಂದೊಂದೂ ಅಂಗೈಗಿಂತ ದೊಡ್ಡದು, ಮೋರಿ ಕಟ್ಟುತ್ತದೆ. ಕೊನೆಗೆ ಸಿದ್ದಲಿಂಗಮ್ಮ ಹೊಂಗೆಯ ಸಾಲಿನ ಮುಂದೆ ನಿಂತಳು. ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ ಯುಗಾದಿಗೆ ಹೊಸ ಚಿಗುರು ಹೊದೆಯುವ ಮರ. ಬಿಸಿಲು ಏರಿದಂತೆಲ್ಲ ದಟ್ಟವಾಗುತ್ತದೆ.

“ಇದಕ್ಕೆ ಐದು ವರ್ಷ ಬೇಕಮ್ಮ,” ಅಂದ ಪ್ರೇಮ್‌ಕುಮಾರ್.

“ಅದು ನನ್ಗೆ ಬುಡಪ್ಪ.”

ಅವನು ನಕ್ಕು, ಬೇರು ಚೀಲದೊಳಗೆ ಸುತ್ತಿಕೊಳ್ಳದ ಗಿಡವೊಂದನ್ನು ಹುಡುಕಿ ಕೊಟ್ಟ. ಎತ್ತರದ್ದು ಬೇಡ, ಕಾಂಡ ದಪ್ಪಗಿರುವುದು ಬೇಕು ಅಂತ ಬುದ್ಧಿ ಹೇಳಿ ಕಳಿಸಿದ.

ಸಂಪಿನಿಂದ ದೂರ, ಕರೆಂಟು ತಂತಿ ಹಾಯದ ಕಡೆ, ಮನೆ ಮುಂದಿನ ತೆಂಕಣ ಮೂಲೆಯಲ್ಲಿ ಸಣ್ಣಮಾದಯ್ಯ ಗುಂಡಿ ತೆಗೆದ. ಮಣ್ಣಿಗಿಂತ ಹೆಚ್ಚಾಗಿ ಬಂದದ್ದು ಗಟ್ಟಿಯಾದ ಸಿಮೆಂಟು, ಟೈಲ್ಸು ಚೂರು, ಜಲ್ಲಿ, ಗುಟ್ಕಾ ಚೀಟಿ, ಗಾರೆಯವನು ಮರೆತುಹೋದ ಒಂದು ಕರಣೆ. “ಇದ್ರಲ್ಲಿ ಮರ ಅಲ್ಲ, ಇನ್ನೊಂದು ಮನೆ ಹುಟ್ತದೆ,” ಅಂತ ಗೊಣಗುತ್ತಲೇ ಎದೆಯಾಳ ಅಗೆದ. ಗುಂಡಿಯನ್ನು ಬಿಸಿಲಿಗೆ ಒಣಗಬಿಟ್ಟರು. ತುಂಬಲು ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಬೇಕಿತ್ತು. ಸಿದ್ದಲಿಂಗಮ್ಮ ನಾಚಿಕೆಪಡದೆ ತಮ್ಮನಿಗೇ ಫೋನು ಮಾಡಿದಳು.

“ನನ್ನ ಸೋಲ್ಸಕ್ಕೆ ನನ್ನೂರ್ ಮಣ್ಣೇ ಬೇಕಾ?” ಅಂದ ಹುಚ್ಚಯ್ಯ. ಅಂದರೂ ಗೂಡ್ಸ್ ಆಟೋದಲ್ಲಿ ಮೂಟೆಗಟ್ಟಲೆ ಕಳಿಸಿದ.

ಜೂನಿನ ಮಳೆ ಬಿದ್ದ ಮೇಲೆ ಕೆರೆಗೋಡಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಗಿಡ ನೆಟ್ಟರು. ಸುತ್ತ ಸಿದ್ದಲಿಂಗಮ್ಮ ಸೊಪ್ಪಿನ ಅಗಸೆ ಮರದ ಬೀಜ ಊರಿದಳು. ಎಲೆತೋಟದಲ್ಲಿ ವೀಳ್ಯದ ಬಳ್ಳಿಗೆ ನೆರಳಾಗಲಿ ಅಂತ ಹಾಗೆ ಮಾಡುತ್ತಾರೆ. ಅಗಸೆ ಕೆಲವೇ ತಿಂಗಳಲ್ಲಿ ಆಳೆತ್ತರ ಎದ್ದು ಪಡುವಣ ಬಿಸಿಲನ್ನು ತಾನು ಹೊತ್ತುಕೊಂಡಿತು. ಅದರ ಮರೆಯಲ್ಲಿ ಹೊಂಗೆ ಒಂದು ಬೇಸಿಗೆ ಕಳೆಯಿತು, ಎರಡನೆಯದನ್ನೂ ಕಳೆಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಅದರ ತುದಿ ಕಿಟಕಿಯ ಸಜ್ಜೆಯನ್ನು ದಾಟಿತ್ತು. ಸಿದ್ದಲಿಂಗಮ್ಮ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮೊದಲು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು.

ಆ ವರ್ಷದ ಮೊದಲ ಮಳೆ ಹೊಯ್ದ ಮರುದಿನ, ಸಾರಿಗೆ ಅಗಸೆ ಸೊಪ್ಪು ಬೇಕೆಂದು ಅವಳು ಕುಡುಗೋಲು ಹಿಡಿದು ಹೊರಗೆ ಬಂದಳು. ನೆಲದಿಂದ ಹಸಿ ವಾಸನೆ ಏಳುತ್ತಿತ್ತು. ಒಂದು ಅಗಸೆಯ ನೆತ್ತಿ ಬಗ್ಗಿಸಿ ಕೊಯ್ದಳು, ಇನ್ನೊಂದನ್ನು ಕೊಯ್ದಳು, ಮತ್ತೊಂದನ್ನು. ಮಳೆ ಹಿಡಿದ ಕೂಡಲೇ ನೆರಳುಗಿಡಗಳ ನೆತ್ತಿ ಸವರಿ ಬಳ್ಳಿಗೆ ಬೆಳಕು ಬಿಡುವುದು ಎಲೆತೋಟದ ಪದ್ಧತಿ. ಹುಡುಗಿಯಾಗಿ ಅವಳು ಸಾಲು ಸಾಲು ಸವರಿದ್ದಳು. ಮನಸ್ಸು ಯಾವುದೋ ತೋಟದ ಸಾಲಿನಲ್ಲಿತ್ತು. ಕುಡುಗೋಲಿಗೆ ಗಟ್ಟಿ ಸಿಕ್ಕಿದ್ದು ಗೊತ್ತಾಗಿ ನಿಂತಾಗ ಅವಳ ಕೈಯಲ್ಲಿ ಹೊಂಗೆಯ ನೆತ್ತಿ ಇತ್ತು.

ಸಂಜೆ ಸಂಘಮಿತ್ರ ಬಂದಾಗ ಕೊಯ್ದ ಜಾಗಕ್ಕೆ ಸಗಣಿ ಮೆತ್ತಿತ್ತು. ತಲೆಯೆತ್ತರದ ಮೊಂಡು.

“ಏನವ್ವಾ ಇದು?”

“ಅಗಸೆ ಜೊತೇಲಿ ಕೊಯ್ದುಬುಟ್ಟೆ.”

“ಹೊಂಗೆ ಯಾವ್ದು, ಅಗಸೆ ಯಾವ್ದು ಅಂತ ನಿನ್ಗೆ ಗೊತ್ತಾಗ್ನಿಲ್ವ?”

“ಕಣ್ಗೆ ಗೊತ್ತಿತ್ತು ಮಗ. ಕೈಗೆ ಗೊತ್ತಾಗ್ನಿಲ್ಲ.”

ಸಂಘಮಿತ್ರ ಬೈಯಲು ಬಾಯಿ ತೆರೆದವಳು ಮೊಂಡನ್ನು ಮುಟ್ಟಿ ನೋಡಿದಳು. “ನಾಳೆ ದೊಡ್ಡದೊಂದು ಗಸಗಸೆ ಗಿಡ ತತ್ತೀನಿ. ಬ್ಯಾಸ್ಗೆ ಹೊತ್ಗೆ ಏನಾದ್ರೂ ನೆಳ್ಳಾಯ್ತದೆ. ಮಾವಂಗೇನು ಯಾವ ಮರ ಅಂತ ಹೇಳಿದ್ಯಾ?” ಅಂದಳು.

“ನಾನು ನೀರು ಹುಯ್ದಿರೋದು ಇದ್ಕೆ. ಕೂರ್ಸುದ್ರೆ ಇದ್ರ ಕೆಳ್ಗೇ ಕೂರ್ಸ್ತೀನಿ. ಇಲ್ದಿದ್ರೆ ಸೋತೆ ಅಂತೀನಿ.”

ಸಣ್ಣಮಾದಯ್ಯನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಸುದ್ದಿ ಊರು ಮುಟ್ಟಿತು. “ಮರದ ಮುಡಿ ತೆಗ್ಸ್ದ್ಯಂತೆ ಕಣಕ್ಕ,” ಅಂತ ಹುಚ್ಚಯ್ಯ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕ. ಅವಳು ಫೋನು ಇಟ್ಟಳು.

ಮೊಂಡು ಕೆಲವು ವಾರ ಹಾಗೇ ಇತ್ತು. ಆಮೇಲೆ ಸಗಣಿಯ ಕೆಳಗೆ ಕೆಂಚು ಮೊಗ್ಗು ಒಡೆದವು, ಒಂದಲ್ಲ, ಸುತ್ತಲೂ. ಸಿದ್ದಲಿಂಗಮ್ಮ ಒತ್ತೊತ್ತಾದವನ್ನು ಚಿವುಟಿ, ದಿಕ್ಕಿಗೊಂದರಂತೆ ಉಳಿಸಿದಳು. ಮಳೆಗಾಲ ಮುಗಿದಾಗ ಅಗಸೆಗಳನ್ನು ಕಡಿಸಿ ಜಾಗ ಬಿಟ್ಟಳು. ಮೇಲಕ್ಕೆ ಹೋಗಬೇಕಾದದ್ದು ಅಗಲಕ್ಕೆ ಹೋಯಿತು. ಎತ್ತರದಲ್ಲಿ ಅದು ಮರವೆನಿಸಿಕೊಳ್ಳುವಂತೆ ಇರಲಿಲ್ಲ. ಆದರೆ ಯುಗಾದಿಯ ಚಿಗುರು ಬಲಿತ ಮೇಲೆ, ಮಧ್ಯಾಹ್ನ ಅದರ ಕೆಳಗೆ ನೆಲ ಕಪ್ಪಗಿರುತ್ತಿತ್ತು.

ಹುಚ್ಚಯ್ಯ ಬಂದದ್ದು ಏಪ್ರಿಲ್ ಕೊನೆಗೆ, ಕೇಸರಿ ಪೇಟ ಸುತ್ತಿಕೊಂಡು, ತೀರ್ಪು ಕೊಡುವವನ ಹಾಗೆ. ಗೇಟು ತೆಗೆದು ನೆಟ್ಟಗೆ ನಡೆದು ಬಂದವನ ಪೇಟ ಕೊಂಬೆಗೆ ಸಿಕ್ಕಿ ನೆಲಕ್ಕೆ ಬಿತ್ತು.

“ಬಗ್ಗಿ ಬಾರ್ಲಾ,” ಅಂದಳು ಅಕ್ಕ.

ಅವನು ಪೇಟ ಎತ್ತಿಕೊಂಡು, ಬಗ್ಗಿ ಒಳಗೆ ಬಂದು, ಕುರ್ಚಿಯಲ್ಲಿ ಕೂತು ಮೇಲೆ ನೋಡಿದ. “ಇದು ಮರವಾ? ಪೊದೆ!”

“ಊಟ ಮಾಡು.”

ಮುದ್ದೆ, ಕಾಳಿನ ಸಾರು ಬಂದವು. ನೆರಳು ಎರಡು ಕುರ್ಚಿಗೆ ಸಾಕಾಗುವಷ್ಟಿತ್ತು, ಮೂರನೆಯದಕ್ಕೆ ಇರಲಿಲ್ಲ. ಸಣ್ಣಮಾದಯ್ಯ ತಟ್ಟೆ ಹಿಡಿದು ಹೊಸ್ತಿಲ ಮೇಲೆ ಕೂತ. ಹೊತ್ತು ಇಳಿದಂತೆ ನೆರಳು ಗೋಡೆಯ ಕಡೆಗೆ ಜರುಗಿತು, ಹುಚ್ಚಯ್ಯನೂ ಕುರ್ಚಿ ಜರುಗಿಸಿಕೊಂಡ. ಮೂರು ಗಂಟೆಯ ಬಸ್ಸಿಗೆ ಹೋಗಬೇಕೆಂದವನು ಕಾಲು ಚಾಚಿದ. ಒಳ್ಳೆಯದೆಂದು ಮಾತ್ರ ಅವನ ಬಾಯಿಂದ ಬರಲಿಲ್ಲ.

ಸಿದ್ದಲಿಂಗಮ್ಮ ಮಜ್ಜಿಗೆ ತರಲು ಒಳಗೆ ಹೋದಾಗ ಅವನ ಫೋನು ಬಡಿದುಕೊಂಡಿತು. ಊರಿನಿಂದ ಹೆಂಡತಿ. ಕಿವಿ ಮಂದವಾದವಳೊಡನೆ ಮಾತಾಡಿ ಅಭ್ಯಾಸವಾದ ಅವನ ದನಿ ಅಡುಗೆಮನೆಯವರೆಗೂ ಕೇಳಿತು.

“ಎಲ್ಲಿದ್ದೀನಾ? ಅಕ್ಕನ ಮರದ ಕೆಳ್ಗೆ ಕೂತಿವ್ನಿ! ಊ ಕಣೇ, ಮರ. ಅಕ್ಕಂದೇ... ಇಲ್ಲ, ಆ ಬಸ್ಸಿಗೆ ಬರಾಕಿಲ್ಲ. ಬಿಸ್ಲು ಇಳೀಲಿ. ಇಲ್ಲಿ ತಣ್ಗದೆ.”

ಸಿದ್ದಲಿಂಗಮ್ಮ ಮಜ್ಜಿಗೆ ಚೊಂಬು ಹಿಡಿದು ಬಾಗಿಲ ಮರೆಯಲ್ಲೇ ನಿಂತಳು. ಅವನು ಮಾತು ಮುಗಿಸಿ ಫೋನು ಜೇಬಿಗೆ ಹಾಕಿಕೊಂಡ ಮೇಲೂ ಇನ್ನೊಂದು ಗಳಿಗೆ ನಿಂತಿದ್ದು, ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.