ಎಂಟನೆಯ ಗೆರೆ

ಫಲೇಸಿ ಚಹಾದ ಕಪ್ಪು ತೊಳೆಯುತ್ತಿದ್ದಳು. ಬೂದಿ ಹಚ್ಚಿ ಉಜ್ಜಿ, ಬೋಗುಣಿಯ ನೀರಿನಲ್ಲಿ ಅದ್ದಿ, ಒಂದೊಂದನ್ನೇ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಒಟ್ಟು ಆರು. ಎಲ್ಲದರ ಅಂಚೂ ಒಂದಲ್ಲ ಒಂದು ಕಡೆ ಮುಕ್ಕಾಗಿತ್ತು. ಮುಕ್ಕಾದದ್ದಕ್ಕೇ ಅವು ರಾಜಧಾನಿಯ ಸಂಸತ್ ಭವನದಿಂದ ಅವಳ ಅಮ್ಮನ ಜೊತೆ ಈ ಊರಿಗೆ ಬಂದಿದ್ದವು.

ಅಂಗಳದಲ್ಲಿ ಹೆಂಗಸರು ತಲೆಯ ಮೇಲಿನ ಹಿಟ್ಟಿನ ಬುಟ್ಟಿಗಳನ್ನು ಇಳಿಸಿ, ಚಪ್ಪಲಿ ಬಿಟ್ಟು, ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಒಳಗೆ ಅಮ್ಮ ಲೂಫಿನಾ ತಾಳೆಗರಿಯ ಚಾಪೆಯಲ್ಲಿ ಮಲಗಿದ್ದಳು. ಸಾವಿನ ಮನೆಯಲ್ಲಿ ಮಗಳು ಹೊರಗೆ ಕೂತು ಕಪ್ಪು ಉಜ್ಜುವುದನ್ನು ಅವರಾರೂ ಹಿಂದೆ ಕಂಡವರಲ್ಲ. ಆದರೂ ಯಾರೂ ಏನೂ ಕೇಳಲಿಲ್ಲ. ಫಲೇಸಿಯನ್ನು ಏನಾದರೂ ಕೇಳಿದರೆ ಉತ್ತರ ಬರುವುದು ಅಪರೂಪವೆಂದು ಎಲ್ಲರಿಗೂ ಗೊತ್ತಿತ್ತು.

ಸೋದರಮಾವ ಯೋಸಫಾತಿ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ತಂಗಿ ಹೋದಳು, ಇನ್ನು ಈ ಮನೆಯ ಪರವಾಗಿ ಮಾತಾಡುವವನು ಅವನೇ.

"ಎಂಪಿ ಹೊರಟಿದಾನಂತೆ," ಅಂದ. "ಪೆಟ್ಟಿಗೆ ತರ್ತಿದಾನೆ. ಮೆರುಗು ಹಾಕಿದ್ದು, ಹಿತ್ತಾಳೆ ಹಿಡಿ. ಈ ಸರೋವರದ ದಂಡೇಲಿ ಯಾರೂ ಅಂಥದ್ರಲ್ಲಿ ಹೋಗಿಲ್ಲ."

ಫಲೇಸಿ ಇನ್ನೊಂದು ಕಪ್ಪು ತೆಗೆದುಕೊಂಡಳು.

"ನಿಮ್ಮಮ್ಮ ಹೇಳಿದ್ದನ್ನ ಇವತ್ತು ಎತ್ತಬೇಡ. ಕಾಯಿಲೆ ಮನುಷ್ಯರು ಏನೇನೋ ಅಂತಾರೆ. ಇಪ್ಪತ್ತೆರಡು ವರ್ಷ ಪಾರ್ಲಿಮೆಂಟಲ್ಲಿ ಕೆಲಸ ಮಾಡಿದೋಳನ್ನ ಚಾಪೇಲಿ ಸುತ್ತಿ ಕಳ್ಸಿದ್ವಿ ಅಂದ್ರೆ ಜನ ನನ್ನ ಮುಖಕ್ಕೆ ಉಗೀತಾರೆ."

ಅವಳು ತಲೆಯಾಡಿಸಿದಳು. ಕೇಳಿಸಿತು ಎಂಬುದಷ್ಟೇ ಅದರ ಅರ್ಥ. ಒಪ್ಪಿದಳು ಅಂದುಕೊಂಡು ಮಾವ ಎದ್ದು ಹೋದ.

*

ಲೂಫಿನಾಳ ಕೆಲಸ ಚಹಾ ಕೊಡುವುದು. ದೊಡ್ಡ ಸಭಾಂಗಣದಲ್ಲಿ ಮೇಜು ಗುದ್ದಿ ಕಿರುಚಾಡಿದವರು ಅವಳ ಚಹಾ ಕೋಣೆಗೆ ಬಂದರೆ ದನಿ ಇಳಿಸಿ ಮಾತಾಡುತ್ತಿದ್ದರು. ದೇಶ ನಡೆಯುವುದು ಆ ಸಭಾಂಗಣದಲ್ಲಿ ಅಲ್ಲ, ತನ್ನ ಕೆಟಲಿನ ಸುತ್ತಮುತ್ತ ಎಂದು ಅವಳು ಬೇಗನೆ ತಿಳಿದುಕೊಂಡಳು. ಯಾರಿಗೆ ಎಷ್ಟು ಚಮಚ ಸಕ್ಕರೆ, ಯಾರು ಯಾರ ಪಕ್ಕ ಕೂರುವುದಿಲ್ಲ, ಯಾವ ಕಾಗದಕ್ಕೆ ಎಷ್ಟು ರುಜು ಬೇಕು, ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು.

ವೈಸನ್ ಕಪೀರಾ ಈ ಸೀಮೆಯ ಎಂಪಿಯಾಗಿ ಮೊದಲ ದಿನ ಸದನಕ್ಕೆ ಬಂದಾಗ ಹೊಸ ಕೋಟಿನ ತೋಳಿನಲ್ಲಿ ದರ್ಜಿಯ ದಾರ ಇನ್ನೂ ನೇತಾಡುತ್ತಿತ್ತು. ಆಳುವ ಪಕ್ಷದವನು ಹೋಗಿ ಎದುರು ಪಕ್ಷದ ಬೆಂಚಿನ ಮೇಲೆ ಕೂತಿದ್ದ. ಲೂಫಿನಾ ಟ್ರೇ ಹಿಡಿದು ಹಾದುಹೋಗುವಾಗ ಬಗ್ಗಿ, "ಮಗಾ, ನಿನ್ನ ಜಾಗ ಆ ಕಡೆ. ಎದ್ದು ಕೆಮ್ಮುತ್ತಾ ಹೊರಗೆ ಹೋಗು, ಆಮೇಲೆ ಇನ್ನೊಂದು ಬಾಗಿಲಿಂದ ಬಾ," ಅಂದಳು. ಅವನು ಹಾಗೇ ಮಾಡಿದ. ಅಂದಿನಿಂದ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ. ಅವನಿಗೆ ಮೂರು ಚಮಚ.

ಅವಳಿಗೆ ಒಂದು ವಿದ್ಯೆ ಗೊತ್ತಿತ್ತು. ಫಲೇಸಿಗೂ ಅದನ್ನು ಹೇಳಿಕೊಟ್ಟಿದ್ದಳು. ಕಪ್ಪನ್ನು ಅಂಚಿನ ತನಕ ತುಂಬಿಸಬೇಕು. ಮಂಡಿಯೂರಿ ಎರಡೂ ಕೈಯಲ್ಲಿ ಕೊಡಬೇಕು.

"ತುಂಬಿದ ಕಪ್ಪು ಹಿಡಿದ ಗಂಡಸು ಎದ್ದು ಹೋಗಲ್ಲ ಕಣೇ. ಚೆಲ್ಲತ್ತೆ ಅನ್ನೋ ಭಯ. ಅಷ್ಟರೊಳಗೆ ನಿನ್ನ ಮಾತು ಹೇಳಿಬಿಡ್ಬೇಕು."

ಹೀಗೆ ಕೇಳಿಯೇ ಅವಳು ಕಸಗುಡಿಸುವ ವಿಧವೆಯೊಬ್ಬಳಿಗೆ ಪಿಂಚಣಿ ಕೊಡಿಸಿದ್ದಳು. ದಾದಿಯರ ಹಾಸ್ಟೆಲಿನ ಸೋರುವ ಮಾಡಿಗೆ ತಗಡು ಹಾಕಿಸಿದ್ದಳು. ತನಗಾಗಿ ಕೇಳಿದ್ದು ಮುಕ್ಕಾದ ಆರು ಕಪ್ಪು ಮಾತ್ರ.

*

ಕಪೀರಾನ ಪಿಕಪ್ ಗಾಡಿ ಊರಬಾಗಿಲಿಗೆ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಗುಂಡಿ ತೋಡಿ ಬಂದ 'ಮೊಮ್ಮಕ್ಕಳು' ದಾರಿಗೆ ಅಡ್ಡಲಾಗಿ ಗುದ್ದಲಿ ಹಿಡಿದು ನಿಂತರು. ಗುಂಡಿ ತೋಡುವವರಿಗೆ ಆ ಊರಲ್ಲಿ ಅದೇ ಹೆಸರು, ವಯಸ್ಸು ಎಷ್ಟೇ ಇರಲಿ. ಅವರ ಮುಖ್ಯಸ್ಥ ಮಾಲಿಸೇನಿಗೆ ಅರವತ್ತು ದಾಟಿತ್ತು. ಹೂಳುವ ದಿನ ಅವರು ಯಾರನ್ನು ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಅವರು ಹೆಗಲು ಕೊಡದೆ ಹೆಣ ಏಳುವುದಿಲ್ಲ.

"ಇಳೀರಿ ಸಾಹೇಬ್ರೇ," ಅಂದ ಮಾಲಿಸೇನಿ. "ನಮ್ಮೂರಲ್ಲಿ ಆಗಾಗ ಯಾರಾದ್ರೂ ಸಾಯ್ತಾರಲ್ಲ, ಪುಣ್ಯ. ಇಲ್ಲದಿದ್ರೆ ನಿಮ್ಮ ಮುಖ ಹ್ಯಾಗಿದೆ ಅನ್ನೋದೇ ಮರೆತುಹೋಗ್ತಿತ್ತು."

ಕಪೀರಾ ನಕ್ಕ. ನಗಲೇಬೇಕಿತ್ತು.

"ಇನ್ನೂ ಇಬ್ಬರು ಮುದುಕರು ತಯಾರಾಗಿದಾರೆ. ದಿನ ಗೊತ್ತು ಮಾಡಿ ಹೇಳ್ತೀವಿ. ಸದ್ಯಕ್ಕೆ ಆ ಕೊರಳಲ್ಲಿರೋದನ್ನ ಬಿಚ್ಚಿ, ದಾರಿ ಸುಂಕ."

ಕಪೀರಾ ಟೈ ಬಿಚ್ಚಿ ಕೊಟ್ಟ. ಮಾಲಿಸೇನಿ ಅದನ್ನು ತನ್ನ ಬರಿ ಕೊರಳಿಗೆ ಕಟ್ಟಿಕೊಂಡು ಗಾಡಿಯ ಮುಂದೆ ಮುಂದೆ ಎಂಪಿಯ ಹಾಗೆ ಕೈ ಬೀಸುತ್ತ ನಡೆದ. ಅಳುತ್ತ ಕೂತಿದ್ದ ಹೆಂಗಸರೂ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಫಲೇಸಿಗೆ ಮಾತ್ರ ಗಾಡಿಯ ಹಿಂದೆ ಮಿನುಗುತ್ತಿದ್ದ ಪೆಟ್ಟಿಗೆಯೊಂದೇ ಕಾಣಿಸಿತು. ಅವಳ ಸೊಂಟದ ಗಂಟಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ಇತ್ತು.

*

ಮೊದಲು ಪ್ರತಿ ಗುರುವಾರ ಸರೋವರದ ಮೇಲೆ ಬಿಳಿಯ ಆಸ್ಪತ್ರೆ ದೋಣಿ ಬರುತ್ತಿತ್ತು. ಡಾಕ್ಟರು, ಇಬ್ಬರು ದಾದಿಯರು, ಒಂದು ಮಂಚ. ದೇಶದ ಅಧ್ಯಕ್ಷರು ಆ ದೋಣಿಯನ್ನು ತಮ್ಮ ಹೆಂಡತಿಯ ತಮ್ಮನ ಹೋಟೆಲಿಗೆ ಕೊಟ್ಟುಬಿಟ್ಟರು. ಕೋರ್ಟು, ವಾಪಸು ಕೊಡಿ ಅಂದಿತು. ತನಗೆ ಅಪ್ಪಣೆ ಮಾಡುವ ಕೋರ್ಟು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಅಧ್ಯಕ್ಷರು ರೇಡಿಯೋದಲ್ಲಿ ಹೇಳಿದರು.

ಫಲೇಸಿಗೆ ಹೆರಿಗೆ ನೋವು ಶುರುವಾದದ್ದು ಒಂದು ಗುರುವಾರ. ದೋಣಿ ಬಂದರೂ ಬರಬಹುದೆಂದು ಅವಳನ್ನು ಮರಳಿನ ಮೇಲೆ ಮಲಗಿಸಿ ಕಾದರು. ಮಧ್ಯಾಹ್ನ ಬಿಳಿ ದೋಣಿ ಬಂತು. ಬಣ್ಣಬಣ್ಣದ ಕೊಡೆಗಳನ್ನು ಹೊತ್ತು, ದೂರದಲ್ಲೇ ಸಾಗಿ, ಗುಡ್ಡದ ಆಚೆ ಮರೆಯಾಯಿತು. ಮಗು ಸಂಜೆಯ ತನಕ ಇತ್ತು.

ಆಗ ಲೂಫಿನಾ ನಿವೃತ್ತಳಾಗಿ ಮನೆಗೆ ಬಂದಿದ್ದಳು. ನಲವತ್ತು ದಿನ ಮಗಳ ಪಕ್ಕ ಮಲಗಿದಳು. ನಲವತ್ತೊಂದನೆಯ ದಿನ ಲಾರಿ ಹತ್ತಿ ರಾಜಧಾನಿಗೆ ಹೋಗಿ, ಹಳೆಯ ಪರಿಚಯದ ಗುಮಾಸ್ತನಿಂದ ಒಂದು ನಮೂನೆ ಕಾಗದ ತಂದಳು. ಅಧ್ಯಕ್ಷರ ವಾಗ್ದಂಡನೆ ಆಗಬೇಕು, ಪ್ರಮಾಣ ಮುರಿದದ್ದಕ್ಕೆ ಸದನವೇ ಅವರನ್ನು ವಿಚಾರಿಸಬೇಕು ಎಂಬ ಸೂಚನೆ. ಗೊತ್ತು ಮಾಡಿದ ದಿನದೊಳಗೆ ಎಂಪಿಗಳಲ್ಲಿ ಮೂರರಲ್ಲೊಂದು ಪಾಲು ರುಜು ಹಾಕಿದರೆ ಅದು ಸದನಕ್ಕೆ ಬರುತ್ತದೆ, ಇಲ್ಲವಾದರೆ ಕಸದ ಬುಟ್ಟಿಗೆ. ಬೇರೆ ಸೀಮೆಗಳಲ್ಲಿ ಬೇರೆಯವರು ಇಂಥದೇ ಕಾಗದ ಹಿಡಿದು ಓಡಾಡುತ್ತಿದ್ದರು. ಈ ದಂಡೆಯ ಎಂಪಿಗಳು ಎಂಟು ಮಂದಿ. ಅವಳ ಕಾಗದದಲ್ಲಿ ಎಂಟು ಗೆರೆ.

ತಾಯಿ ಮಗಳು ಫ್ಲಾಸ್ಕು, ಕಪ್ಪುಗಳ ಬುಟ್ಟಿ ಹೊತ್ತು ಎಂಟೂ ಮನೆಗಳಿಗೆ ಅಲೆದರು. ಲೂಫಿನಾ ಗಲಾಟೆ ಮಾಡುತ್ತಿರಲಿಲ್ಲ. ಅವರವರ ಸಕ್ಕರೆ ಅವರವರಿಗೆ ಹಾಕಿ ಕೊಡುತ್ತಿದ್ದಳು, ಆಮೇಲೆ ದೋಣಿಯ ಕತೆ ಹೇಳುತ್ತಿದ್ದಳು. ಕತೆ ಮುಗಿಯುವಾಗ ಫಲೇಸಿಯನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೇ. ಒಬ್ಬ ಅವರ ಮೇಲೆ ನಾಯಿ ಛೂ ಬಿಟ್ಟ. ಆರು ತಿಂಗಳಾದ ಮೇಲೆ ಅವನೂ ರುಜು ಹಾಕಿದ. ಏಳು ಗೆರೆ ತುಂಬಿದವು.

ಉಳಿದವನು ಕಪೀರಾ. ಅವನ ಮನೆಗೆ ಹದಿಮೂರು ಸಲ ಹೋದರು. ಪ್ರತಿ ಸಲವೂ ಕುರ್ಚಿ ಕೊಟ್ಟ, ಅಮ್ಮಾ ಅಂದ, ಮುಂದಿನ ವಾರ ಅಂದ.

"ಅಮ್ಮಾ, ನಾನು ಇದಕ್ಕೆ ರುಜು ಹಾಕಿದ್ರೆ ಮಾರನೇ ದಿನ ನಿಮ್ಮೂರ ಸೇತುವೆ ಫೈಲು ಕಪಾಟಿಗೆ ಹೋಗತ್ತೆ."

"ಎಷ್ಟು ವರ್ಷದ ಫೈಲು ಅದು?"

"ಒಂಬತ್ತು."

"ಹಾಗಾದ್ರೆ ಅದಕ್ಕೆ ಕಪಾಟು ಹೊಸದೇನಲ್ಲ ಬಿಡು."

ಅವನು ಮನಸಾರೆ ನಕ್ಕು, ಚಹಾ ಮುಗಿಸಿ, ಮುಂದಿನ ವಾರ ಖಂಡಿತ ಅಂದ. ಊರಿನವರಲ್ಲೂ ಅರ್ಧ ಜನ ಲೂಫಿನಾಳ ಮೇಲೆ ಮುನಿಸಿಕೊಂಡಿದ್ದರು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಮಕ್ಕಳು ಮೂರು ತಿಂಗಳು ಸ್ಕೂಲಿಗೆ ಹೋಗುವುದಿಲ್ಲ. ಸತ್ತ ಒಂದು ಕೂಸಿಗಾಗಿ ಇವಳು ಸೇತುವೆ ಕಳೆಯುತ್ತಿದ್ದಾಳೆ ಎಂದು ಯೋಸಫಾತಿ ತಂಗಿಯ ಎದುರೇ ಅಂದಿದ್ದ.

ಎದೆಯ ಕೆಮ್ಮು ಹೆಚ್ಚಾದಾಗ ಲೂಫಿನಾ ಮಗಳನ್ನೂ ಮಾಲಿಸೇನಿಯನ್ನೂ ಹಾಸಿಗೆಯ ಬಳಿ ಕರೆದಳು.

"ಅವನು ನಮ್ಮೂರಿಗೆ ಬರೋದು ಹೆಣಕ್ಕೆ ಮಾತ್ರ. ನಂಗೂ ಬಂದೇ ಬರ್ತಾನೆ, ಪೆಟ್ಟಿಗೆ ತರ್ತಾನೆ. ರುಜು ಹಾಕಿದ್ರೆ ಅದರಲ್ಲಿ ಮಲಗ್ತೀನಿ. ಹಾಕದಿದ್ರೆ ನನ್ನ ಚಾಪೆ ನಂಗೆ ಸಾಕು." ಸ್ವಲ್ಪ ಹೊತ್ತು ಕೆಮ್ಮಿ, ಮಗಳಿಗೆ ಹೇಳಿದಳು, "ನೀನು ಕಪ್ಪು ತೊಳೆದಿಟ್ಟಿರು."

*

ಕಪೀರಾನನ್ನು ಮಾವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಒಳಗಿನಿಂದ ಲೂಫಿನಾಳನ್ನು ಚಾಪೆಯ ಸಮೇತ ತಂದು ಅಂಗಳದ ನಡುವೆ ಇಳಿಸಿದರು. ಪೆಟ್ಟಿಗೆಯನ್ನೂ ಇಳಿಸಿ ಪಕ್ಕದಲ್ಲಿಟ್ಟರು. ಪಾದ್ರಿ ಪ್ರಾರ್ಥನೆ ಮುಗಿಸಿದ. ಯೋಸಫಾತಿ ಊರಿನ ಪರವಾಗಿ ಎಂಪಿಗೆ ಕೃತಜ್ಞತೆ ಹೇಳುತ್ತ, ದೊಡ್ಡವರ ಕೈಯಿಂದ ಪೆಟ್ಟಿಗೆ ಬಂದಿದೆ, ಸೇತುವೆಯೂ ಬರಲಿದೆ ಅಂದ. ಕೆಲವರು ಹೂಂಗುಟ್ಟಿದರು.

ಆಮೇಲೆ ಮಾಲಿಸೇನಿ ಎದ್ದು ನಿಂತ. ಟೈ ಇನ್ನೂ ಕೊರಳಲ್ಲೇ ಇತ್ತು.

"ಹೆಗಲು ಕೊಡೋಕೆ ನಾವು ತಯಾರು. ಯಾವುದರಲ್ಲಿ ಹೊರಬೇಕು? ಮನೆಯವರು ಹೇಳ್ಲಿ."

"ಕಣ್ಣಿಗೆ ಕಾಣಲ್ವಾ? ಪೆಟ್ಟಿಗೇಲಿ," ಅಂದ ಯೋಸಫಾತಿ.

"ನೀವು ಹೇಳಿದ್ದು ಕೇಳಿಸ್ತು ಯಜಮಾನ್ರೇ. ಮಗಳು ಹೇಳ್ಲಿ."

ಇಡೀ ಅಂಗಳ ಫಲೇಸಿಯ ಕಡೆ ತಿರುಗಿತು. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ಎದ್ದು ನಿಂತು, ದನಿ ಬಾರದೆ, ಹಾಗೇ ಚೀಲ ತೆಗೆದುಕೊಂಡು ಮನೆಗೆ ಬಂದು ಮತ್ತೆ ಸ್ಕೂಲಿಗೆ ಹೋಗದವಳು ಅವಳು. ಈಗಲೂ ಎಲ್ಲರನ್ನೂ ಒಂದು ಸಲ ನೋಡಿದಳು. ತಿರುಗಿ ಅಡುಗೆಮನೆಯೊಳಗೆ ಹೋಗಿಬಿಟ್ಟಳು.

ಪಾಪ, ಅಳೋಕೆ ಹೋದ್ಲು, ಅಂದಳು ಒಬ್ಬ ಮುದುಕಿ. ಯೋಸಫಾತಿ ಉಸಿರು ಬಿಟ್ಟ. ನಾಲ್ಕು ಜನರಿಗೆ ಪೆಟ್ಟಿಗೆಯ ಮುಚ್ಚಳ ತೆಗೆಯಲು ಹೇಳಿದ. ಮೊಮ್ಮಕ್ಕಳಲ್ಲಿ ಒಬ್ಬನೂ ಕದಲಲಿಲ್ಲ.

ಫಲೇಸಿ ಹೊರಗೆ ಬಂದಾಗ ಕೈಯಲ್ಲಿ ಟ್ರೇ ಇತ್ತು, ಟ್ರೇಯಲ್ಲಿ ಅಂಚಿನ ತನಕ ತುಂಬಿದ ಒಂದು ಕಪ್ಪು. ಒಂದು ಹನಿಯೂ ಚೆಲ್ಲದ ಹಾಗೆ ಅಮ್ಮನನ್ನು ಬಳಸಿ, ಪೆಟ್ಟಿಗೆಯನ್ನು ಬಳಸಿ ನಡೆದು ಬಂದಳು. ಕುರ್ಚಿಯ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಕಪ್ಪು ಎತ್ತಿ ಕೊಟ್ಟಳು. ಕಪೀರಾ ಎರಡೂ ಕೈಯಲ್ಲಿ ತೆಗೆದುಕೊಂಡ. ಅವನ ಹೆಬ್ಬೆರಳು ಅಂಚಿನ ಮುಕ್ಕಿಗೆ ತಾಗಿತು.

ಒಂದು ಗುಟುಕು ಕುಡಿದ.

"ಮೂರು ಚಮಚ," ಅಂದ. ಅವನ ದನಿ ಒಡೆದಿತ್ತು. ಅದು ನಟನೆಯಲ್ಲ ಎಂದು ಫಲೇಸಿಗೆ ಗೊತ್ತಾಯಿತು. ಅವನ ಕಣ್ಣನ್ನು ಹದಿಮೂರು ಸಲ ನೋಡಿದವಳು ಅವಳು.

ಕಪ್ಪು ಕೊಟ್ಟ ಮೇಲೆ ಹೆಂಗಸು ಎದ್ದು ಹಿಂದೆ ಸರಿಯಬೇಕು. ಅವಳು ಏಳಲಿಲ್ಲ. ಸೊಂಟದ ಗಂಟು ಬಿಚ್ಚಿ, ಪ್ಲಾಸ್ಟಿಕ್ ಸುರುಳಿ ತೆಗೆದು, ಕಾಗದವನ್ನು ಖಾಲಿ ಟ್ರೇಯ ಮೇಲೆ ಹರಡಿದಳು. ಏಳು ರುಜು, ಏಳು ಬಗೆಯ ಶಾಯಿ. ಪಕ್ಕದಲ್ಲಿ ಪೆನ್ನು ಇಟ್ಟಳು.

"ಫಲೇಸಿ, ಏಳು," ಅಂದ ಯೋಸಫಾತಿ.

ಅವಳು ಹಾಗೇ ಇದ್ದಳು. ಮಾವನ ದನಿ ತಗ್ಗಿತು. "ಮಳೆಗಾಲದಲ್ಲಿ ಹೊಳೆ ಹತ್ರ ನಿಂತು ಈ ಮಕ್ಕಳಿಗೆ ನೀನೇ ಉತ್ತರ ಕೊಡ್ತೀಯಾ?" ಅವನ ಕಣ್ಣಲ್ಲೂ ನೀರಿತ್ತು. ಅವನ ಮಾತು ಸುಳ್ಳೇನೂ ಆಗಿರಲಿಲ್ಲ.

ಕಪೀರಾ ಕಾಗದ ನೋಡಿದ. ಗಾಡಿಯ ಕಡೆ ನೋಡಿದ. ಮಧ್ಯೆ ಚಾಪೆ ಇತ್ತು. ಏಳಲು ಕಾಲು ಊರಿದ. ಚಹಾ ಅಂಚು ದಾಟಿ ಬೆರಳ ಮೇಲೆ ಹರಿಯಿತು. ಮತ್ತೆ ಕೂತ.

"ಇವತ್ತು ದುಃಖದ ದಿನ ಮಗಳೇ," ಅಂದ ಮೆಲ್ಲಗೆ. "ಮುಂದಿನ ವಾರ..."

ಮಾಲಿಸೇನಿ ಗುದ್ದಲಿಯನ್ನು ನೆಲಕ್ಕೆ ಹಾಕಿ ಅದರ ಹಿಡಿಯ ಮೇಲೆ ಕೂತ. ಅವನ ಹಿಂದೆ ಉಳಿದ ಮೊಮ್ಮಕ್ಕಳೂ ಒಬ್ಬೊಬ್ಬರಾಗಿ ಕೂತರು. ಪೆಟ್ಟಿಗೆಯ ಹಿತ್ತಾಳೆ ಹಿಡಿ ಬಿಸಿಲಿಗೆ ಹೊಳೆಯುತ್ತಿತ್ತು. ಚಾಪೆಯ ತುದಿಯೊಂದು ಗಾಳಿಗೆ ಎದ್ದು ಮತ್ತೆ ಮಲಗಿತು. ಎಂಪಿಯ ಎರಡೂ ಕೈಗಳು ಇನ್ನೂ ಕಪ್ಪನ್ನೇ ಹಿಡಿದಿದ್ದವು.

ಫಲೇಸಿ ಕೈ ಚಾಚಿ ಕಪ್ಪನ್ನು ಅವನಿಂದ ತೆಗೆದುಕೊಂಡಳು.

"ಸೋಮವಾರ ಕೊನೇ ದಿನ, ಸಾಹೇಬ್ರೇ," ಅಂದಳು. ಅವಳ ದನಿ ಅಂಗಳದ ಆ ತುದಿಯ ತನಕ ಕೇಳಿಸಿತು. "ಎಂಟನೇ ಗೆರೆ ಇದು. ಇಲ್ಲಿ ರುಜು ಹಾಕಿ."