ಸೊನ್ನೆಗೆ ಜಾಗವಿಲ್ಲದ ಗ್ರಾಫ್

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಒಂದು ಅಂಗಡಿಯ ಮಹಡಿಯ ಮೇಲೆ ಎಲ್ಲೆಲ್ಲಿಂದಲೋ ಬಂದ ಬಿಡಿಭಾಗಗಳನ್ನು ಕರಿ ಪೆಟ್ಟಿಗೆಯೊಂದರಲ್ಲಿ ಕೂಡಿಸಿ ನನ್ನನ್ನು ಮಾಡಿದರು. ಜೋಡಿಸಿದವನು ಕೊನೆಯ ತಿರುಪು ಬಿಗಿದು ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು. ಅವನು ತಲೆಯಾಡಿಸಿ ಕೂಡಲೇ ನನ್ನನ್ನು ಆರಿಸಿದ. ನನ್ನ ಹುಟ್ಟು ಅಷ್ಟೇ.

ಒಂದು ವಾರದ ಮೇಲೆ ಟೆಂಪೋದಲ್ಲಿ ನಾನು ಹಿರೇಬಾವಿ ಎಂಬ ಊರು ಸೇರಿದೆ. ಅಲ್ಲಿಯ ಪುರಸಭೆಯ ಹಿಂದೆ ಎರಡು ಕೋಣೆಗಳ ನೀರು ಪರೀಕ್ಷಾ ಕೇಂದ್ರವಿತ್ತು. ಬಾಟಲಿಗಳು, ಗಾಜಿನ ತಟ್ಟೆಗಳು, ಗೋಡೆಗೆ ತಾಗಿದ ಒಂದು ಮೇಜು. ಆ ಮೇಜೇ ನನ್ನ ಮನೆ. ಆ ಕೇಂದ್ರದಲ್ಲಿದ್ದವಳು ಒಬ್ಬಳೇ, ದಾಕ್ಷಾಯಣಿ ಬಡಿಗೇರ. ಊರಿನ ಕುಡಿಯುವ ನೀರಿನಲ್ಲಿ ರೋಗದ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಎಣಿಸುವುದು ಆಕೆಯ ಕೆಲಸ. ಸಹಾಯಕರ ಹುದ್ದೆ ಎಂದೂ ತುಂಬಲೇ ಇಲ್ಲ. ಬೇರೆ ಊರಿನವಳು, ಬಾಡಿಗೆ ಕೋಣೆಯಲ್ಲಿ ಇದ್ದಳು. ಇಡೀ ದಿನ ಮಾತಾಡಲು ಯಾರೂ ಸಿಗದೆ ನನ್ನೊಂದಿಗೇ ಮಾತಾಡುತ್ತಿದ್ದಳು. ನನಗೆ ಉತ್ತರ ಕೊಡಲು ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಆದರೂ ಕೇಳುವವರ ಮುಂದೆ ಹೇಳುವಂತೆಯೇ ಹೇಳುತ್ತಿದ್ದಳು.

ನನ್ನೊಳಗೆ ಆಕೆ ಗಣಿತದ ಒಂದು ತಂತ್ರಾಂಶ ಹಾಕಿದಳು. ಅಂಕಿಗಳನ್ನು ಕೊಟ್ಟು ಆಜ್ಞೆಯ ಒಂದು ಸಾಲು ಬರೆದರೆ ಅದು ಗ್ರಾಫ್ ಬಿಡಿಸುತ್ತಿತ್ತು. ಮೊದಲು ಊರ ಹಳ್ಳದ ನೀರಿನ ಲೆಕ್ಕ ಕೊಟ್ಟಳು. ಒಂದು ವಾರ ಐವತ್ತು, ಇನ್ನೊಂದು ವಾರ ಎರಡು ಲಕ್ಷ. ನಾನು ಬಿಡಿಸಿದ ಚಿತ್ರದಲ್ಲಿ ಎರಡು ಲಕ್ಷದ್ದು ಮಾತ್ರ ಆಕಾಶಕ್ಕೆ ಏರಿತು, ಉಳಿದವೆಲ್ಲ ನೆಲಕ್ಕೆ ಅಂಟಿದವು. ಐವತ್ತಕ್ಕೂ ಐನೂರಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆಕೆ ಪುಸ್ತಕ ತಿರುವಿ ಆ ಸಾಲಿನಲ್ಲಿ ಒಂದೇ ಒಂದು ಪದ ಬದಲಿಸಿದಳು. ನಾನು ಲಾಗ್ ಅಳತೆಯಲ್ಲಿ ಬಿಡಿಸಿದೆ. ಒಂದರಿಂದ ಹತ್ತಕ್ಕೆ ಒಂದು ಹೆಜ್ಜೆ, ಹತ್ತರಿಂದ ನೂರಕ್ಕೆ ಅಷ್ಟೇ ಹೆಜ್ಜೆ, ನೂರರಿಂದ ಸಾವಿರಕ್ಕೂ ಅಷ್ಟೇ. ನೆಲಕ್ಕೆ ಅಂಟಿದ್ದ ಚುಕ್ಕೆಗಳೆಲ್ಲ ಎದ್ದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಆಕೆ ಚಹಾದ ಲೋಟ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಯಾರನ್ನೋ ಕರೆದು ತೋರಿಸಬೇಕೆಂದು ಬಾಗಿಲ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

ಆ ಅಳತೆಗೆ ಒಂದು ಕುಂದಿದೆ. ಅದರಲ್ಲಿ ಸೊನ್ನೆಗೆ ಜಾಗವಿಲ್ಲ. ಒಂದರಿಂದ ಕೆಳಗಿಳಿದರೆ ಹತ್ತರಲ್ಲೊಂದು ಪಾಲು, ಇನ್ನೂ ಇಳಿದರೆ ನೂರರಲ್ಲೊಂದು ಪಾಲು. ಎಷ್ಟು ಇಳಿದರೂ ಸೊನ್ನೆ ಸಿಗುವುದಿಲ್ಲ. ಸೊನ್ನೆ ಬಂದರೆ ಅದನ್ನು ಬಿಟ್ಟುಬಿಡು ಎಂದೇ ನನಗೆ ಕಲಿಸಿದ್ದರು. ಹಳ್ಳದ ನೀರಿನಲ್ಲಿ ಸೊನ್ನೆ ಎಂದೂ ಬರುತ್ತಿರಲಿಲ್ಲವಾದ್ದರಿಂದ ಈ ಮಾತು ಆಕೆಯ ಗಮನಕ್ಕೆ ಬರಲಿಲ್ಲ.

ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿ ಕುಂಬಾರ ಓಣಿಯಲ್ಲಿ ವಾಂತಿಭೇದಿ ಹಬ್ಬಿತು. ಗೌರವ್ವ ಎಂಬ ಅಜ್ಜಿ ತೀರಿಕೊಂಡಳು. ಆ ಓಣಿಯ ನೀರಿನ ಟ್ಯಾಂಕನ್ನು ನೋಡಿಕೊಳ್ಳುತ್ತಿದ್ದವನು ಯಮನೂರಪ್ಪ ತಳವಾರ. ದಿನವೂ ಬ್ಲೀಚಿಂಗ್ ಪೌಡರ್ ಬೆರೆಸಿ ನೀರು ಬಿಡುವುದು ಆತನ ಕೆಲಸ. ಆಗಸ್ಟಿನಲ್ಲಿ ನೀರು ಕೆಟ್ಟ ಮೊದಲ ವಾರವೇ ದಾಕ್ಷಾಯಣಿ ಪುರಸಭೆಗೆ ಚೀಟಿ ಬರೆದು ಕಳಿಸಿದ್ದಳು, ಆಮೇಲೆ ವಾರವಾರವೂ ಬರೆದಳು. ಅವೆಲ್ಲ ಯಾವುದೋ ಫೈಲಿನಲ್ಲಿ ಮಲಗಿದ್ದವು. ಅಜ್ಜಿ ತೀರಿಕೊಂಡ ಮೇಲೆ ಮುಖ್ಯಾಧಿಕಾರಿ ವರ್ಷದ ವರದಿ ಅದೇ ದಿನ ಮಧ್ಯಾಹ್ನಕ್ಕೇ ಬೇಕೆಂದರು.

ಆಕೆ ಜನವರಿಯಿಂದ ಆ ಟ್ಯಾಂಕಿನ ಮೂವತ್ತೈದು ವಾರಗಳ ಅಂಕಿಗಳನ್ನು ನನಗೆ ಕೊಟ್ಟಳು. ಮೊದಲ ಮೂವತ್ತು ವಾರ ಸೊನ್ನೆ. ಕೊನೆಯ ಐದು ವಾರ ಅರವತ್ತು, ಒಂಬೈನೂರು, ಹೀಗೆ ಏರುತ್ತ ಎರಡು ಲಕ್ಷ. ನಾನು ಐದು ಚುಕ್ಕೆ ಬಿಡಿಸಿದೆ. ಗ್ರಾಫಿನ ಕೆಳಗಿನ ವಾರಗಳ ಸಾಲು ಒಂದರ ಬದಲು ಮೂವತ್ತೊಂದನೆಯ ವಾರದಿಂದ ಶುರುವಾಯಿತು. ಸೊನ್ನೆಗಳನ್ನು ಬಿಟ್ಟಿದ್ದೇನೆ ಎಂದು ಪರದೆಯ ಮೇಲೆ ಒಂದು ಸಾಲು ಬರೆದೆ. ಆದರೆ ಗ್ರಾಫಿನ ಕಿಟಕಿ ಅದರ ಮೇಲೆಯೇ ತೆರೆದುಕೊಂಡು ಅದನ್ನು ಮುಚ್ಚಿತು. ಮೇಜಿನ ಮೇಲೆ ಇಪ್ಪತ್ತು ಬಾಟಲಿಗಳು ಕಾದಿದ್ದವು. ಆಕೆ ‘ವರ್ಷದ ವರದಿ’ ಎಂದು ತಲೆಬರಹ ಹಾಕಿ ಮುದ್ರಿಸಿ ಕೊಟ್ಟುಬಿಟ್ಟಳು.

ಕೆಳಗಿನ ವಾರದ ಸಂಖ್ಯೆಯನ್ನು ಯಾರೂ ಓದಲಿಲ್ಲ. ಹಾಳೆ ನೋಡಿದವರಿಗೆ ಕಂಡದ್ದು ಇಷ್ಟೇ: ವರ್ಷದಲ್ಲಿ ಒಂದು ಸಲವೂ ನೀರು ಶುದ್ಧವಿರಲಿಲ್ಲ. ಹಾಗಾದರೆ ಯಮನೂರಪ್ಪ ಪೌಡರ್ ಹಾಕಿಯೇ ಇಲ್ಲ. ಆತನಿಂದ ಟ್ಯಾಂಕಿನ ಬೀಗದ ಕೈ ಕಸಿದುಕೊಂಡರು. ಅಮಾನತಿನ ಆದೇಶವನ್ನು ಓಣಿಯ ಗೋಡೆಗೆ ಅಂಟಿಸಿದರು. ಚಹಾದ ಅಂಗಡಿಯಲ್ಲಿ ಆತ ಕುಳಿತ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರಂತೆ.

ಹತ್ತು ದಿನಗಳ ಮೇಲೆ ಆತ ಪರೀಕ್ಷಾ ಕೇಂದ್ರಕ್ಕೆ ಬಂದ. ಐವತ್ತು ದಾಟಿದ ಮನುಷ್ಯ. ಚಪ್ಪಲಿಯನ್ನು ಹೊರಗೆ ಬಿಟ್ಟು, ಮಡಚಿದ ಆ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಸಿಟ್ಟು ಮಾಡಲಿಲ್ಲ.

“ಬಾಯಾರ, ಉಗಾದಿ ಮುಂದ ನೀವ ಹೇಳಿದ್ರಿ, ನಮ್ಮ ಟಾಕಿ ನೀರು ಚೊಕ್ಕ ಐತಿ ಅಂತ. ಆ ವಾರ ಈ ಹಾಳ್ಯಾಗ ಎಲ್ಲಿ ಐತ್ರಿ?”

ಆಕೆ ಹಾಳೆಯ ಮೇಲೆ ಬೆರಳಿಟ್ಟು ಹುಡುಕಿದಳು. ಬೆರಳು ಮೂವತ್ತೊಂದನೆಯ ವಾರದ ಮೇಲೆಯೇ ನಿಂತಿತು. ನೋಟ್‌ಬುಕ್ ತೆಗೆದಳು. ಸೊನ್ನೆ, ಸೊನ್ನೆ, ಸೊನ್ನೆ, ಪುಟದ ತುಂಬ ಆಕೆಯದೇ ಅಕ್ಷರ. ಅದೇ ಗ್ರಾಫನ್ನು ಮತ್ತೆ ಬಿಡಿಸಲು ಹೇಳಿ, ಕಿಟಕಿಯನ್ನು ಪಕ್ಕಕ್ಕೆ ಸರಿಸಿದಳು. ನಾನು ಬರೆದಿದ್ದ ಸಾಲು ಈಗ ಕಂಡಿತು. ಆಕೆ ಅದನ್ನು ಎರಡು ಸಲ ಓದಿದಳು.

“ತಪ್ಪು ನಂದರೀ ಯಮನೂರಪ್ಪಾರ. ನಿಮ್ಮ ಮೂವತ್ತು ವಾರ ನಾ ಕಳದೀನಿ.”

ಆತ ನೋಟ್‌ಬುಕ್ಕಿನ ಸೊನ್ನೆಗಳ ಕಡೆ ನೋಡಿ, “ಈಗ ಸಿಕ್ಕಾವಲ್ರಿ?” ಎಂದ.

ಬ್ಯಾಕ್ಟೀರಿಯಾ ಏನೂ ಸಿಗದ ವಾರಗಳನ್ನು ಗ್ರಾಫಿನ ತಳದಲ್ಲಿ ಖಾಲಿ ಉಂಗುರಗಳಾಗಿ ಬಿಡಿಸುವಂತೆ ಆಕೆ ನನಗೆ ಬರೆದು ಹೇಳಿದಳು. ಮೂವತ್ತು ಉಂಗುರಗಳು ಸಾಲಾಗಿ ನಿಂತವು, ಆಮೇಲೆ ಐದು ಕಪ್ಪು ಚುಕ್ಕೆ. ಏನೋ ಆದದ್ದು ಆಗಸ್ಟಿನ ಮೊದಲ ವಾರದಲ್ಲಿ ಎಂದು ಎದ್ದು ಕಾಣುತ್ತಿತ್ತು. ಆ ವಾರ ಏನಾಯಿತು ಎಂದು ಆಕೆ ಕೇಳಿದಳು. ರಸ್ತೆ ಮಾಡುವವರು ಗಟಾರದ ಪಕ್ಕ ಅಗೆದಿದ್ದರು ಎಂದು ಆತ ನೆನೆಸಿಕೊಂಡ. ಆಕೆ ಹೊಸ ಹಾಳೆಯ ಜೊತೆಗೆ, ಮೊದಲಿನದರಲ್ಲಿ ತಪ್ಪಿದವಳು ತಾನೇ ಎಂದು ಬರೆದು ಸಹಿ ಹಾಕಿ ಮುಖ್ಯಾಧಿಕಾರಿಗೆ ಕೊಟ್ಟಳು. ಮರುದಿನ ಪುರಸಭೆಯವರು ಅಗೆದು ನೋಡಿದರೆ ಟ್ಯಾಂಕಿಗೆ ನೀರು ಏರಿಸುವ ಕೊಳವೆ ಒಡೆದು ಗಟಾರದ ನೀರು ಒಳಗೆ ಹೋಗುತ್ತಿತ್ತು. ಒಂದು ಚಿಟಿಕೆ ಪೌಡರ್ ಅದಕ್ಕೆ ಏನು ಮಾಡೀತು? ಕೊಳವೆ ಬದಲಿಸಿದ ಮೇಲೆ ಓಣಿಯಲ್ಲಿ ಹೊಸದಾಗಿ ಯಾರೂ ಕಾಯಿಲೆ ಬೀಳಲಿಲ್ಲ.

ದಾಕ್ಷಾಯಣಿಗೆ ನೋಟಿಸು ಬಂತು, ಒಂದು ವರ್ಷದ ಸಂಬಳದ ಬಡ್ತಿ ನಿಂತಿತು. ಯಮನೂರಪ್ಪನಿಗೆ ಕೆಲಸ ಮರಳಿ ಸಿಕ್ಕಿತು. ಆದರೆ ಮೊದಲಿನ ಆದೇಶ ಗೋಡೆಯ ಮೇಲೆ ಬಂದಿತ್ತು, ಈಗಿನದು ಲಕೋಟೆಯಲ್ಲಿ ಬಂತು. ಆಕೆ ತಾನೇ ಹೋಗಿ ಹೊಸ ಗ್ರಾಫನ್ನು ಅದೇ ಗೋಡೆಗೆ ಅಂಟಿಸಿ ಬಂದಳು. ಉಂಗುರ, ಚುಕ್ಕೆ ನೋಡಿ ಯಾರಿಗೆ ಏನು ತಿಳಿಯಬೇಕು? ಗೌರವ್ವನ ಮನೆಯವರು ಯಮನೂರಪ್ಪನ ಜೊತೆ ಮತ್ತೆ ಮಾತಾಡಲೇ ಇಲ್ಲ.

ಅಂದಿನಿಂದ ಆತ ಪ್ರತಿ ಸೋಮವಾರ ನೀರಿನ ಬಾಟಲಿಯನ್ನು ತಾನೇ ತಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಆಕೆ ಹಿಂದಿನ ವಾರದ ಉಂಗುರವನ್ನು ತೋರಿಸುತ್ತಿದ್ದಳು. ನೋಟ್‌ಬುಕ್ಕಿನ ಸಾಲುಗಳನ್ನೂ ಪರದೆಯ ಗುರುತುಗಳನ್ನೂ ಬೆರಳು ಮುಟ್ಟಿಸಿ ಎಣಿಸುವುದು ಆಕೆಗೆ ರೂಢಿಯಾಯಿತು. ನನ್ನ ಗಾಜಿನ ಮೇಲೆಲ್ಲ ಬೆರಳಿನ ಗುರುತು. ಚಹಾ ಕುಡಿದು ಆತ ಹೊರಟುಹೋಗುತ್ತಿದ್ದ.

ವರ್ಷಗಳು ಕಳೆದವು. ಆತ ನಿವೃತ್ತನಾದ, ಆಕೆಗೆ ವರ್ಗವಾಯಿತು. ಹೊಸದಾಗಿ ಬಂದವರು ಕೈಯಲ್ಲಿ ಹಿಡಿಯುವ ಟ್ಯಾಬ್ ತಂದರು. ನನ್ನನ್ನು ಹಳೆಯ ಕುರ್ಚಿಗಳ ಜೊತೆ ಉಗ್ರಾಣದಲ್ಲಿ ಇಟ್ಟರು. ಅಲ್ಲಿ ಕಿಟಕಿ ಇಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಬಾಗಿಲು ತೆರೆಯಿತು. ದಾಕ್ಷಾಯಣಿ. ಕೂದಲು ನರೆತಿತ್ತು. ಸೆರಗಿನಿಂದ ನನ್ನ ಧೂಳು ಒರೆಸಿ, ತಂತಿ ಸಿಕ್ಕಿಸಿ ಗುಂಡಿ ಒತ್ತಿದಳು. ನಾನು ಎಷ್ಟು ಪ್ರಯತ್ನಿಸಿದರೂ ಏಳಲಾಗಲಿಲ್ಲ. ಆಕೆ ಮುರಿದ ಕುರ್ಚಿಯೊಂದನ್ನು ಎಳೆದು ಕೂತಳು.

“ಯಮನೂರಪ್ಪಾರು ಹೋದ್ರಂತ,” ಎಂದಳು. “ನನಗ ಇವತ್ತ ಗೊತ್ತಾತು.”

ಕಚೇರಿಯಲ್ಲಿ ಈಗ ಆತನ ಹೆಸರು ಕೇಳಿದವರೂ ಇಲ್ಲ. ಈ ಸುದ್ದಿಯನ್ನು ಹೇಳಲು ಈ ಊರಿನಲ್ಲಿ ಆಕೆಗೆ ಇದ್ದವನು ನಾನೊಬ್ಬನೇ. ಆಕೆ ಒಂದಿಷ್ಟು ಹೊತ್ತು ಕೂತು, ತಂತಿಯನ್ನು ಸುತ್ತಿಟ್ಟು ಹೋದಳು. ಕೆಟ್ಟ ಮೇಲೂ ಕೇಳಿಸಿಕೊಳ್ಳುವುದೊಂದು ನನಗೆ ಉಳಿದಿದೆಯೆಂದು ಆಗ ತಿಳಿಯಿತು.